ಮೂರನೆಯ ಗುರುವಾರ

ನಾಲ್ಕೂಕಾಲಿಗೆ ಏಳುವುದು. ನಲ್ಲಿ ಕೆಮ್ಮುವ ಸದ್ದು ಕೇಳಿದ ಕೂಡಲೇ ಡ್ರಮ್ಮಿಗೆ ಪೈಪು ಇಳಿಬಿಡುವುದು, ಅದು ತುಂಬುವುದರೊಳಗೆ ಒಲೆ ಹಚ್ಚುವುದು. ಅತ್ತೆಯ ಎಡಗಣ್ಣಿಗೆ ಎರಡು ಹನಿ ಮದ್ದು ಬಿಡುವುದು, ಬಿಟ್ಟಮೇಲೆ ಅವರು “ಎಡಗಣ್ಣಿಗೇ ಬಿಟ್ಟೆ ತಾನೇ?” ಎಂದು ಕೇಳುವುದಕ್ಕೆ ಹೂಂಗುಡುವುದು. ಐದು ಡಬ್ಬಿ ತುಂಬುವುದು: ಗಂಡನದು, ಮೈದುನನದು, ಮಗಳದು, ತನ್ನದು, ಹತ್ತು ಗಂಟೆಗೆ ಹಸಿವಾದರೆ ಇರಲಿ ಎಂದು ಅತ್ತೆಯದು. ಗಂಡನ ಅಂಗಿಯ ಕಾಲರಿಗೆ ಸಾಬೂನು ತಿಕ್ಕಿ ನೆನೆಹಾಕುವುದು. ಮಗಳ ಕಾಲುಚೀಲದ ಜೋಡಿ ಹುಡುಕುವುದು. ಸಿಗದಿದ್ದರೆ ಹೆಚ್ಚುಕಡಿಮೆ ಒಂದೇ ಬಣ್ಣದ ಎರಡನ್ನು ಹೊಂದಿಸಿಡುವುದು. ಡ್ರಮ್ಮು ತುಂಬಿ ಹರಿಯುವ ಮೊದಲು ಓಡಿಹೋಗಿ ನಲ್ಲಿ ತಿರುಗಿಸುವುದು. ಕನ್ನಡಿ ಇರುವುದು ಗಂಡ ಮಲಗಿರುವ ಕೋಣೆಯಲ್ಲಿ, ಅಲ್ಲಿ ದೀಪ ಹಾಕುವಂತಿಲ್ಲ. ಹಾಗಾಗಿ ಕೊನೆಗೆ ಅಡುಗೆಮನೆಯಲ್ಲೇ ನಿಂತು ಕೈಯಂದಾಜಿನಲ್ಲಿ ಬೈತಲೆ ತೆಗೆಯುವುದು.

ಆಕೆ ಹೊಸ್ತಿಲು ದಾಟುವಾಗ ಹೊರಗೆ ಇನ್ನೂ ಕತ್ತಲು. ಅಲ್ಲಿಂದಾಚೆಗಿನದು ಓರಗಿತ್ತಿಯ ಪಾಲು: ಎಲ್ಲರನ್ನೂ ಎಬ್ಬಿಸಿ ಕಳಿಸುವುದು, ಗುಡಿಸುವುದು, ಒಗೆಯುವುದು, ಅತ್ತೆಯ ಮಾತು ಕೇಳುವುದು, ಸಂಜೆಯ ಅಡುಗೆ. ಈ ಪಾಲನ್ನು ಯಾರೂ ಕೂತು ಮಾಡಿದ್ದಲ್ಲ. ನೀರು ತಗ್ಗು ನೋಡಿಕೊಂಡು ಹರಿದ ಹಾಗೆ ಹರಿದದ್ದು. ಹಿರಿಯಳು ಮದುವೆಗೆ ಮುಂಚೆಯೇ ಕೆಲಸದಲ್ಲಿದ್ದಳು, ಹಾಗಾಗಿ ಹೊರಗೆ ಹೋದಳು. ಕಿರಿಯಳು ಬಂದಾಗ ಮನೆಯಲ್ಲಿ ಇರಲು ಒಬ್ಬರು ಬೇಕಾಗಿತ್ತು, ಹಾಗಾಗಿ ಉಳಿದಳು.

ಹಿರಿಯಳು ಹೋಗುತ್ತಿದ್ದುದು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಗೆ. ಅಲ್ಲಿ ಆಕೆ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ ತುಂಬಿತ್ತು. ಅದರಲ್ಲಿ ಕಡೆಯ ಆರು ವರ್ಷ ಬೆಡ್‌ಶೀಟ್ ವಿಭಾಗದ ಸೂಪರ್‌ವೈಸರ್. ಕೈಕೆಳಗೆ ಏಳು ಜನ ಹೆಂಗಸರು. ಇಸ್ತ್ರಿ ಮಾಡುವ ರೋಲರಿನ ಬಿಸಿಯಲ್ಲಿ ಜಾರಿ ಬರುವ ಬಿಳಿ ಬಟ್ಟೆಯ ಮೇಲೆ ಸಾಸಿವೆಯಷ್ಟು ಕಲೆಯಿದ್ದರೂ ಹತ್ತು ಮಾರು ದೂರದಿಂದ ಹಿಡಿಯುತ್ತಿದ್ದಳು ಎಂದು ಅವಳಿಗೆ ಕಣ್ಣಕ್ಕ ಎಂಬ ಹೆಸರು ಬಿದ್ದಿತ್ತು.

ಹೊಸ ಮ್ಯಾನೇಜರ್ ಬಂದು ಎರಡು ವರ್ಷವಾಗಿತ್ತು. ಕೂಗಾಡುವ ಮನುಷ್ಯನಲ್ಲ. ಎದುರಿಗೆ ಬಂದವರಿಗೆ ಕುರ್ಚಿ ತೋರಿಸುತ್ತಿದ್ದರು, ಹೆಂಗಸರನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಅವರು ಬರುವ ಮುಂಚೆ ಒಬ್ಬಳು ಕೆಲಸ ಬಿಟ್ಟರೆ ಇನ್ನೊಬ್ಬಳು ಸಿಗಲು ತಿಂಗಳು ಹಿಡಿಯುತ್ತಿತ್ತು. ಅಷ್ಟು ದಿನವೂ ಉಳಿದವರು ಎರಡೆರಡು ಆಳಿನ ಕೆಲಸ ಎಳೆಯುತ್ತಿದ್ದರು. ಕಣ್ಣಕ್ಕನೇ ಒಮ್ಮೆ ಜ್ವರದ ಮೈಯಲ್ಲಿ ರೋಲರಿನ ಮುಂದೆ ನಿಂತು, ಅದರ ಬಿಸಿ ಯಾವುದು, ತನ್ನ ಬಿಸಿ ಯಾವುದು ತಿಳಿಯದೆ ಕುಸಿದಿದ್ದಳು. ಹೊಸ ಮ್ಯಾನೇಜರ್ ಅದನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೋಗಬಾರದು, ಬಾವಿ ಮೊದಲೇ ತೋಡಿರಬೇಕು. ಜಾಗ ಖಾಲಿಯಿರಲಿ ಬಿಡಲಿ, ಜನರನ್ನು ಹುಡುಕುವುದು ನಿಲ್ಲಬಾರದು. ಪ್ರತಿ ಸೂಪರ್‌ವೈಸರೂ ವಾರಕ್ಕೊಂದು ಹೊಸ ಹೆಸರು ತರಬೇಕು.

ಈ ಕೆಲಸ ಕಣ್ಣಕ್ಕನಿಗೆ ನೀರು ಕುಡಿದಷ್ಟು ಸಲೀಸಾಯಿತು. ಬಸ್ಸಿನಲ್ಲಿ ಮಗುವಿನ ಒದ್ದೆಬಟ್ಟೆಯನ್ನು ಒಂದೇ ಕೈಯಲ್ಲಿ ಮಡಿಸುವವಳು, ಶಾಲೆಯ ಗೇಟಿನ ಮುಂದೆ ಮೂರು ಚೀಲ ಹಿಡಿದು ನಾಲ್ಕನೆಯದಕ್ಕೆ ಕೈಚಾಚುವವಳು, ಆಸ್ಪತ್ರೆಯ ಸಾಲಿನಲ್ಲಿ ನಾಲ್ಕು ಗಂಟೆ ನಿಂತರೂ ಕಾಲು ಬದಲಿಸದವಳು. ಇಂಥವರನ್ನು ನೋಡಿದ ಕೂಡಲೇ ಆಕೆಗೆ ಗೊತ್ತಾಗುತ್ತಿತ್ತು. ಹತ್ತಿರ ಹೋಗಿ ಮಾತಾಡಿಸಿ ಹೆಸರು ಬರೆದುಕೊಳ್ಳುತ್ತಿದ್ದಳು. ಟವೆಲ್ ವಿಭಾಗದಲ್ಲಿ ರೇಡಿಯೋ ಎಂದೇ ಎಲ್ಲರೂ ಕರೆಯುವ ಒಬ್ಬಳಿದ್ದಳು. ಕಣ್ಣಕ್ಕನ ಎದುರಿಗೆ ಮದುವೆ ಹೆಣ್ಣನ್ನು ಕರೆತರಬೇಡಿ, ಮಂಟಪದಿಂದಲೇ ಲಾಂಡ್ರಿಗೆ ಸೇರಿಸುತ್ತಾಳೆ ಎಂದು ಅವಳು ಸಾರಿಕೊಂಡು ಬಂದಿದ್ದಳು.

ಮೊದಲ ವರ್ಷ ಅದರಿಂದ ಒಳ್ಳೆಯದೇ ಆಯಿತು. ಒಬ್ಬಳು ಹೆರಿಗೆಗೆ ಹೋದರೆ ಮರುದಿನವೇ ಇನ್ನೊಬ್ಬಳು ಬಂದು ನಿಂತಳು. ಬಂದವರೂ ಕೈ ಚುರುಕಿನವರು. ಯಾರೂ ಎರಡು ಪಾಳಿ ಎಳೆಯಲಿಲ್ಲ. ಮನೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳಿದಾಗ ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿ, “ಅಲ್ಲಿ ಎಂಟು ಜನರ ಜಾಗಕ್ಕೆ ಎಂಬತ್ತು ಜನ ಸಿಗ್ತಾರೆ. ನನ್ನ ಒಂದು ಕಣ್ಣಿಗೆ ಹನಿ ಬಿಡೋಕೆ ಇನ್ನೊಬ್ಬರನ್ನ ಹುಡುಕಮ್ಮ ನೋಡೋಣ” ಎಂದಿದ್ದರು. ಮಾತು ತಮಾಷೆಯದೇ. ಗಂಡ, ಮೈದುನ ಇಬ್ಬರೂ ನಕ್ಕರು. ಆ ಹನಿಯನ್ನು ತಾವೂ ಬಿಡಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹೆಸರುಗಳ ಪಟ್ಟಿ ಉದ್ದವಾದಂತೆ ಬೆಂಚು ಬಂತು. ಕೆಲಸ ನಡೆಯುವ ಹಾಲಿಗೂ ಹೊರಗಿನ ಓಣಿಗೂ ನಡುವೆ ಗಾಜಿನ ಗೋಡೆಯಿತ್ತು. ಅದರಾಚೆ ಒಂದು ಉದ್ದ ಬೆಂಚು ಹಾಕಿಸಿದರು. ಗುರುವಾರ ಬೆಳಿಗ್ಗೆ ಹೊಸಬರು ತೊಡೆಯ ಮೇಲೆ ಕಾಗದಪತ್ರದ ಚೀಲ ಇಟ್ಟುಕೊಂಡು ಅಲ್ಲಿ ಕೂತು ಒಳಗೆ ನೋಡುತ್ತಿದ್ದರು. ಮೊದಮೊದಲು ಐದು ಜನ, ಆಮೇಲೆ ಒಂಬತ್ತು, ಹನ್ನೆರಡು. ಬೇಗ ಬಂದವರಿಗೆ ಗಾಜಿನ ಹತ್ತಿರದ ಜಾಗ. ಅವರ ಉಸಿರು ಗಾಜಿಗೆ ತಾಗಿ ಮಂಜು ಕಟ್ಟುತ್ತಿತ್ತು. ಸೆರಗಿನಿಂದ ಒರೆಸಿ ಮತ್ತೆ ನೋಡುತ್ತಿದ್ದರು. ಒಳಗಿದ್ದವರು ಬೆನ್ನು ಅತ್ತ ಮಾಡಿ ನಿಂತರೂ ಕತ್ತಿನ ಹಿಂದೆ ಏನೋ ಹರಿದಾಡಿದಂತಾಗಿ ಕೈ ಹೋಗುತ್ತಿತ್ತು. ಗುರುವಾರಗಳಂದು ಯಾರೂ ಎರಡು ಸಲ ಬಚ್ಚಲಿಗೆ ಹೋಗುತ್ತಿರಲಿಲ್ಲ.

ಈ ವರ್ಷ ಇನ್ನೊಂದು ನಿಯಮ ಬಂತು. ಬೆಂಚಿನಿಂದ ಒಬ್ಬಳನ್ನು ಒಳಗೆ ಕರೆದು, ಕೆಲಸದಲ್ಲಿರುವ ಒಬ್ಬಳ ಪಕ್ಕ ಒಂದು ಗಂಟೆ ನಿಲ್ಲಿಸಿ ಕೆಲಸ ಮಾಡಿಸಿ ನೋಡುವುದು. ಅದಕ್ಕೊಂದು ಫಾರಂ. ಹೆಸರು, ವಯಸ್ಸು, ಕರೆತಂದವರು ಯಾರು. ಕಟ್ಟಕಡೆಗೆ ಒಂದು ಪುಟ್ಟ ಚೌಕ, ‘ಯಾರ ಪಕ್ಕ.’ ಇದನ್ನೆಲ್ಲ ಮ್ಯಾನೇಜರ್ ಒಂದು ಮೀಟಿಂಗಿನಲ್ಲಿ ವಿವರಿಸಿದ್ದರು. ಆ ದಿನ ಕಣ್ಣಕ್ಕ ರಜೆಯಲ್ಲಿದ್ದಳು. ಅತ್ತೆಯ ಕಣ್ಣಿನ ಆಪರೇಷನ್ನಿಗೆ ಒಬ್ಬರು ಜೊತೆಗಿರಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು, ಆ ಒಬ್ಬರು ಯಾರು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮರುದಿನ ಟವೆಲ್ ವಿಭಾಗದ ಸೂಪರ್‌ವೈಸರ್ ಅವಸರದಲ್ಲಿ ಅರ್ಧಂಬರ್ಧ ಹೇಳಿದ: ಹೊಸಬರನ್ನು ಒಂದು ಗಂಟೆ ನಿಲ್ಲಿಸು, ಯಾರ ಪಕ್ಕ ಅಂತ ಬರೆ, ಅಷ್ಟೇ.

ಅವನ ಟವೆಲ್ ವಿಭಾಗದಲ್ಲೇ ಅದು ಮೊದಲು ಶುರುವಾಯಿತು. ಎರಡು ತಿಂಗಳಲ್ಲಿ ಅಲ್ಲಿಂದ ಇಬ್ಬರು ಹೋದರು. ಒಂದು ಬೆಳಿಗ್ಗೆ ಅವರ ಕಾರ್ಡು ಉಜ್ಜಿದರೆ ಬಾಗಿಲು ತೆರೆಯಲಿಲ್ಲ. ಆಮೇಲೆ ಸರದಿ ಬೆಡ್‌ಶೀಟ್ ವಿಭಾಗದ್ದು.

ಕಣ್ಣಕ್ಕನ ಏಳು ಜನರಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರೂ ದೊಡ್ಡಮ್ಮ ಎಂದು ಕರೆಯುವವಳು. ಕಣ್ಣಕ್ಕನಿಗೆ ಮೂಲೆ ಹಿಡಿಯುವುದನ್ನು ಕಲಿಸಿದವಳೇ ಅವಳು. ಬಟ್ಟೆಯನ್ನು ಎರಡು ಸಲ ಗಾಳಿಯಲ್ಲಿ ಒದರಿದರೆ ಸಾಕು, ನಾಲ್ಕು ಮೂಲೆಯೂ ತಾವಾಗಿ ಬಂದು ಅವಳ ಬೆರಳಲ್ಲಿ ಕೂರುತ್ತಿದ್ದವು. ಗಂಡ ಬಿಟ್ಟುಹೋದ ಮಗಳು, ಅವಳ ಎರಡು ಮಕ್ಕಳು ಎಲ್ಲರೂ ಆ ಬೆರಳಿನ ಮೇಲೆಯೇ ನಿಂತಿದ್ದರು. ಮೊದಲ ಗುರುವಾರ ಹೊಸಬಳೊಬ್ಬಳು ಬಂದಾಗ ಕಣ್ಣಕ್ಕ ಎರಡನೆಯ ಯೋಚನೆ ಮಾಡದೆ ಅವಳನ್ನು ದೊಡ್ಡಮ್ಮನ ಪಕ್ಕ ನಿಲ್ಲಿಸಿದಳು. ಕಲಿಯುವುದಿದ್ದರೆ ಬಲ್ಲವರ ಪಕ್ಕ ನಿಂತು ಕಲಿಯಬೇಕು. ತಾನು ಕಲಿತದ್ದೂ ಹಾಗೇ ತಾನೇ. ಎರಡನೆಯ ಗುರುವಾರವೂ ಹಾಗೆಯೇ ಮಾಡಿದಳು. ಎರಡು ಸಲವೂ ಚೌಕದಲ್ಲಿ ದೊಡ್ಡಮ್ಮನ ಹೆಸರನ್ನು ಅಂದವಾಗಿ ಬರೆದು, ಮ್ಯಾನೇಜರರಿಗೆ ಹೋಗುವ ಕಾಗದಗಳ ಟ್ರೇಯಲ್ಲಿ ಇಟ್ಟಳು.

ಅದರ ಮರುದಿನದಿಂದ ದೊಡ್ಡಮ್ಮ ಅವಳ ಜೊತೆ ಚಹಾ ಕುಡಿಯಲು ಬರಲಿಲ್ಲ. ಊಟದ ಹೊತ್ತಿನಲ್ಲೂ ರೋಲರಿನ ಮುಂದೆಯೇ ಇದ್ದಳು. ಶನಿವಾರ ಅವಸರ ಮಾಡಿ ಮೊಣಕೈ ಸುಟ್ಟುಕೊಂಡಳು, ಸೆರಗು ಮುಚ್ಚಿಕೊಂಡು ಯಾರಿಗೂ ತೋರಿಸಲಿಲ್ಲ. ಕಣ್ಣಕ್ಕ ಮುಲಾಮು ತಂದರೆ ತಿರುಗಿಯೂ ನೋಡದೆ ಕೇಳಿದಳು:

“ಏನು ತಪ್ಪು ಮಾಡ್ದೆ ಅಂತ ಹೇಳಿಬಿಡು. ತಿದ್ಕೋತೀನಿ.”

“ಯಾರು ಹೇಳಿದ್ದು ತಪ್ಪು ಅಂತ?”

“ಎರಡು ಸಲ ನಿಲ್ಲಿಸಿದೀಯಲ್ಲ, ನನ್ನ ಪಕ್ಕ. ಮೂರನೆಯವಳು ಯಾವಾಗ?”

ಕಣ್ಣಕ್ಕನಿಗೆ ಅರ್ಥವಾಗಲಿಲ್ಲ. ರೇಡಿಯೋಳನ್ನು ಟ್ರಾಲಿಗಳ ಸಂದಿಗೆ ಕರೆದು ಕೇಳಿದಳು. ಯಾವಾಗಲೂ ಹತ್ತು ಮಾತಾಡುವವಳು ಅಂದು ನಾಲ್ಕೇ ಮಾತಾಡಿದಳು. ಟವೆಲ್ ವಿಭಾಗದಿಂದ ಹೋದ ಇಬ್ಬರ ಪಕ್ಕದಲ್ಲೂ ಹೊಸಬರು ಮೂರು ಸಲ ನಿಂತಿದ್ದರು. ಮೂರನೆಯದಾದ ವಾರದಲ್ಲೇ ಕಾರ್ಡು ಸತ್ತಿತು. ಯಾರ ಜಾಗ ಬದಲಾಯಿಸಬೇಕೋ ಅವರ ಪಕ್ಕ ನಿಲ್ಲಿಸುವುದು, ಅದೇ ನಿಯಮ. “ನಿನಗೆ ಗೊತ್ತಿಲ್ವಾ?” ಎಂದು ಕೇಳಿ ರೇಡಿಯೋ ಅವಳ ಮುಖವನ್ನೇ ನೋಡಿದಳು. ನಂಬಿದಂತೆ ಕಾಣಲಿಲ್ಲ.

ಬರುವ ಗುರುವಾರ ಪಕ್ಕ ನಿಲ್ಲಬೇಕಾದವಳು ಯಾರು ಎಂಬುದು ಆಗಲೇ ಗೊತ್ತಾಗಿತ್ತು: ಅವಳ ಓರಗಿತ್ತಿ.

ಅದಕ್ಕಾಗಿ ಮನೆಯಲ್ಲಿ ನಾಲ್ಕು ತಿಂಗಳು ಜಗ್ಗಾಟ ನಡೆದಿತ್ತು. ಇಬ್ಬರೂ ಹೊರಗೆ ಹೋದರೆ ಒಲೆ ಯಾರು ಹಚ್ಚುತ್ತಾರೆ ಎಂದು ಅತ್ತೆ. ಎರಡನೆಯ ಸಂಬಳ ಬಂದರೆ ಒಳ್ಳೆಯದೇ, ಆದರೆ ಸಂಜೆಯ ಅಡುಗೆ ಹೊತ್ತಿಗೆ ಆಗಬೇಕು ಎಂದು ಮೈದುನ. ಓರಗಿತ್ತಿ ವಾದ ಮಾಡಲಿಲ್ಲ. ದಿನಾ ಮಧ್ಯಾಹ್ನ ಮನೆಯ ಹೊದಿಕೆಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿ ತಾನು ಹಿಡಿದು ಮಡಿಸುವುದನ್ನು ಅಭ್ಯಾಸ ಮಾಡಿದಳು. ಹದಿನೈದೇ ದಿನಕ್ಕೆ ಕಣ್ಣಕ್ಕನಿಗೂ ತಪ್ಪು ಹುಡುಕಲಾಗದಷ್ಟು ಕೈ ಕೂಡಿತು.

“ಅಕ್ಕ, ನೀನು ದಿನಾ ಸುಸ್ತಾಗಿ ಬರ್ತೀಯ, ನಿಜ,” ಎಂದಿದ್ದಳು ಒಂದು ದಿನ, ಕಾಳು ಆರಿಸುತ್ತ. “ಆದ್ರೆ ನೀನು ಬಂದಾಗ ಎಲ್ರೂ ‘ಬಂದ್ಯಾ’ ಅಂತಾರೆ. ನನ್ನನ್ನ ಹಾಗೆ ಕೇಳೋಕೆ ನಾನು ಎಲ್ಲಿಗೂ ಹೋಗಿರಲ್ವಲ್ಲ.”

ಆ ಮಾತು ಕೇಳಿಯೇ ಕಣ್ಣಕ್ಕ ಅವಳ ಹೆಸರು ಬರೆದುಕೊಂಡಿದ್ದಳು.

ಸೋಮವಾರ ಅವಳು ಮ್ಯಾನೇಜರರ ಕೋಣೆಗೆ ಹೋದಳು. ಅವರು ಕುರ್ಚಿ ತೋರಿಸಿದರು. ಮೀಟಿಂಗಿಗೆ ತಾನು ಬಂದಿರಲಿಲ್ಲವೆಂದೂ, ದೊಡ್ಡಮ್ಮನ ಪಕ್ಕ ನಿಲ್ಲಿಸಿದ್ದು ಅವಳು ಎಲ್ಲರಿಗಿಂತ ಚೆನ್ನಾಗಿ ಕೆಲಸ ಬಲ್ಲವಳೆಂದೇ ಹೊರತು ಬೇರೆ ಕಾರಣಕ್ಕಲ್ಲವೆಂದೂ ಹೇಳಿದಳು. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಎರಡೂ ಫಾರಮ್ಮುಗಳನ್ನು ಹೊರತೆಗೆದು ನೋಡಿ, ಹೇಳಿದ್ದು ಒಳ್ಳೆಯದಾಯಿತು ಎಂದರು. ಅಷ್ಟಕ್ಕೇ ಮುಗಿಯಿತೆಂದು ಅವಳು ಏಳಲು ಹೋದಳು.

“ಕೂತ್ಕೊಳ್ಳಿ,” ಎಂದರು. “ಹಾಗಾದ್ರೆ ನಿಮ್ಮಲ್ಲಿ ಎಲ್ಲರಿಗಿಂತ ಹಿಂದೆ ಇರೋದು ಯಾರು?”

ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ ಎಂದಳು.

“ಇರಬಹುದು. ಆದ್ರೂ ಎಂಟು ಜನ ಸಾಲಾಗಿ ನಿಂತ್ರೆ ಒಬ್ಬರು ಕೊನೇಲಿ ಇದ್ದೇ ಇರ್ತಾರೆ. ಅವರಿಗಿಂತ ಚೆನ್ನಾಗಿರೋರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಅವರನ್ನ ಒಳಗೆ ಕರ್ಕೊಂಡ್ರೆ ತಂಡ ಗಟ್ಟಿಯಾಗುತ್ತೆ. ಇದರಲ್ಲಿ ನನಗೆ ಯಾರ ಮೇಲೂ ದ್ವೇಷ ಇಲ್ಲ, ನೋಡಿ.”

ದ್ವೇಷವಿಲ್ಲ ಎಂಬುದು ನಿಜವೇ ಎಂದು ಅವಳಿಗೂ ಅನ್ನಿಸಿತು. ದ್ವೇಷವಿದ್ದರೆ ಕಾಲು ಹಿಡಿಯಬಹುದಿತ್ತು. ಓರಗಿತ್ತಿಯ ಫಾರಮ್ಮನ್ನು ಅವರು ಅವಳತ್ತ ಸರಿಸಿದರು. ಈ ಸಲ ಸರಿಯಾದ ಹೆಸರು ಬರೆಯಬೇಕು, ಹಿಂದಿನ ಎರಡನ್ನೂ ಅದೇ ಹೆಸರಿಗೆ ಹಾಕಿಕೊಳ್ಳುತ್ತೇನೆ ಎಂದರು. ಗುರುವಾರ ಕೆಲಸ ಶುರುವಾಗುವ ಮುಂಚೆ ಅದು ಟ್ರೇಯಲ್ಲಿರಬೇಕು. ಚೌಕ ಖಾಲಿ ಉಳಿದರೆ ಮೊದಲು ಬರೆದ ದೊಡ್ಡಮ್ಮನ ಹೆಸರೇ ನಿಲ್ಲುತ್ತದೆ. ಓರಗಿತ್ತಿಯನ್ನು ಕರೆತರದಿದ್ದರೂ ಅಷ್ಟೇ. ಬೆಂಚಿನಲ್ಲಿ ಬೇರೆ ಹನ್ನೊಂದು ಜನರಿದ್ದಾರೆ.

ಚೌಕದ ಅರ್ಥವನ್ನು ಹೆಂಗಸರಿಗೆ ಹೇಳಬಹುದೇ ಎಂದು ಕೇಳಿದಳು. ಅವರು ಮೊದಲ ಸಲ ಮುಖ ಗಂಟಿಕ್ಕಿದರು. ಬೇಡ, ಸುಮ್ಮನೆ ಹೆದರುತ್ತಾರೆ ಎಂದರು.

ಮನೆಯಲ್ಲಿ ಓರಗಿತ್ತಿ ಗುರುವಾರಕ್ಕೆಂದು ತನ್ನ ಸೀರೆಗೆ ತಾನೇ ಇಸ್ತ್ರಿ ಮಾಡಿಟ್ಟಿದ್ದಳು. ಆ ಮನೆಯಲ್ಲಿ ಅವಳು ಇಸ್ತ್ರಿ ಮಾಡಿದ ತನ್ನ ಮೊದಲ ಬಟ್ಟೆ ಅದು. ಯಾರ ಪಕ್ಕ ನಿಲ್ಲಿಸುತ್ತೀಯ ಎಂದು ಕೇಳಿದಳು. ಕಣ್ಣಕ್ಕ ಇನ್ನೂ ನೋಡಬೇಕು ಎಂದಳು. ನಿನ್ನ ದೊಡ್ಡಮ್ಮನ ಪಕ್ಕ ನಿಲ್ಲಿಸು, ಅವರ ಕೈ ನೋಡಬೇಕು ಎಂಬ ಆಸೆ ಇದೆ ಎಂದಳು ಓರಗಿತ್ತಿ.

ಬುಧವಾರ ಊಟದ ಹೊತ್ತಿನಲ್ಲಿ ಕಣ್ಣಕ್ಕ ಹಾಜರಿ ಪುಸ್ತಕ ತೆರೆದು ಕೂತಳು. ಕೈಚಳಕದಲ್ಲಿ ಏಳು ಜನರ ನಡುವೆ ಕೂದಲೆಳೆಯ ಅಂತರವೂ ಇರಲಿಲ್ಲ. ದೊಡ್ಡಮ್ಮನೊಬ್ಬಳನ್ನು ಬಿಟ್ಟು ಉಳಿದವರನ್ನೆಲ್ಲ ಆರಿಸಿದ್ದೋ ತಿದ್ದಿದ್ದೋ ಅವಳೇ. ಇನ್ನು ಕೊನೆಯವಳನ್ನು ಹುಡುಕಲು ಉಳಿದದ್ದು ರಜೆಯ ದಿನಗಳು. ದೊಡ್ಡಮ್ಮ ಮೂರು ದಿನ: ಮೊಮ್ಮಗನಿಗೆ ಕಾಲುಮುರಿತ. ಎತ್ತರದವಳು ಐದು ದಿನ: ಗಂಡನ ತಾಯಿ ಬಿದ್ದು ಸೊಂಟ ಹಿಡಿದುಕೊಂಡದ್ದು. ಕನ್ನಡಕದವಳು ಆರು: ಅಣ್ಣನ ಹೆಂಡತಿಯ ಬಾಣಂತನ. ಅವಳಿ ಮಕ್ಕಳ ತಾಯಿ ಏಳು: ಒಬ್ಬನಿಗೆ ವಾಂತಿ ನಿಂತ ದಿನ ಇನ್ನೊಬ್ಬನಿಗೆ ಶುರು. ಪುಟ ತಿರುವುತ್ತಾ ಹೋದಂತೆ ಅವಳಿಗೆ ಒಂದು ಕಂಡಿತು. ಏಳು ಹೆಂಗಸರ ಇಡೀ ವರ್ಷದ ರಜೆಯಲ್ಲಿ ತನ್ನ ಮೈಗೆ ಹುಷಾರಿಲ್ಲ ಎಂದು ಯಾರೂ ಒಂದು ದಿನವೂ ಮನೆಯಲ್ಲಿ ಉಳಿದಿರಲಿಲ್ಲ. ಪ್ರತಿ ಗೈರುಹಾಜರಿಯ ಹಿಂದೆಯೂ ಒಂದು ಮಂಚ, ಅದರ ಮೇಲೆ ಬೇರೆ ಯಾರೋ ಮಲಗಿದ್ದರು.

ಎಲ್ಲ ಹೆಸರುಗಳ ಮೇಲೆ, ಪುಟದ ತಲೆಯಲ್ಲಿ, ಅವಳು ಓದದೆ ಬಿಟ್ಟ ಒಂದು ಸಾಲಿತ್ತು. ಸೂಪರ್‌ವೈಸರ್: ಹನ್ನೊಂದು ದಿನ. ಅತ್ತೆಯ ಕಣ್ಣಿಗೆ ಆಸ್ಪತ್ರೆಗೆ ಓಡಾಡಿದ್ದು ಆರು, ಮಗಳ ಜ್ವರಕ್ಕೆ ನಾಲ್ಕು, ಮೈದುನ ಬೈಕಿನಿಂದ ಬಿದ್ದಾಗ ಒಂದು. ಎಂಟು ಜನ ಸಾಲಾಗಿ ನಿಂತರೆ, ಎಂದಿದ್ದರು ಮ್ಯಾನೇಜರ್. ಏಳು ಎಂದಿರಲಿಲ್ಲ. ಅಂದು ಅವಳಿಗೆ ಅದು ಬಾಯಿತಪ್ಪಿ ಬಂದ ಮಾತು ಅನ್ನಿಸಿತ್ತು.

ಪುಸ್ತಕ ಮುಚ್ಚಿದಾಗ ಗಾಜಿನಾಚೆ ಒಬ್ಬಳು ಕೂತಿದ್ದುದು ಕಾಣಿಸಿತು. ಗುರುವಾರವಲ್ಲದಿದ್ದರೂ ಬಂದಿದ್ದಳು. ಶುಭ್ರ ಬಟ್ಟೆ, ಕೈಯಲ್ಲಿ ಪುಟ್ಟ ಪುಸ್ತಕ. ಅವಳು ರೋಲರುಗಳನ್ನು ನೋಡುತ್ತಿರಲಿಲ್ಲ. ಸೂಪರ್‌ವೈಸರಿನ ಮೇಜನ್ನು ನೋಡುತ್ತಿದ್ದಳು. ಕಣ್ಣು ಕೂಡಿದಾಗ ವಿನಯದಿಂದ ನಕ್ಕಳು.

ಗುರುವಾರ ಕಣ್ಣಕ್ಕ ಓರಗಿತ್ತಿಯ ಜೊತೆ ಮೊದಲ ಬಸ್ಸಿಗೇ ಹೊರಟಳು. ಅಂದು ಒಲೆ ಹಚ್ಚಲು ಇಬ್ಬರೂ ಇರಲಿಲ್ಲ. ಅತ್ತೆ ಬಾಗಿಲವರೆಗೆ ಬಂದು ನಿಂತಿದ್ದರು. ದಾರಿಯುದ್ದಕ್ಕೂ ಓರಗಿತ್ತಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು, ಆ ರಸ್ತೆ ತಾನು ನೋಡಿಯೇ ಇಲ್ಲ ಎಂಬಂತೆ. ಲಾಂಡ್ರಿಯಲ್ಲಿ ಬೆಂಚು ಇನ್ನೂ ಖಾಲಿಯಿತ್ತು. ಅವಳನ್ನು ಗಾಜಿನ ಪಕ್ಕದ ಜಾಗದಲ್ಲಿ ಕೂರಿಸಿ ಕಣ್ಣಕ್ಕ ಒಳಗೆ ಹೋದಳು.

ರೋಲರುಗಳು ತಣ್ಣಗಿದ್ದವು. ಹಾಲಿನಲ್ಲಿ ಯಾರೂ ಇರಲಿಲ್ಲ. ಮೇಜಿನ ಮುಂದೆ ನಿಂತು ಫಾರಂ ಬಿಚ್ಚಿದಳು. ಎತ್ತರದವಳ ಹೆಸರು ಬರೆಯಬಹುದಿತ್ತು. ಅವಳಿಗೆ ಮದುವೆಯಾದ ತಂಗಿಯರಿದ್ದಾರೆ, ಹೇಗೋ ದಾಟುತ್ತಾಳೆ ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಕನ್ನಡಕದವಳದು ಬರೆಯಬಹುದಿತ್ತು, ಅವಳು ಇನ್ನೂ ಚಿಕ್ಕವಳು. ಹೀಗೆ ಪ್ರತಿಯೊಬ್ಬಳಿಗೂ ಒಂದೊಂದು ಕಾರಣ ಸಲೀಸಾಗಿ ಸಿಗುತ್ತಿರುವುದು ನೋಡಿ ಅವಳಿಗೆ ತನ್ನ ಮೇಲೆಯೇ ಭಯ ಹುಟ್ಟಿತು. ಬಸ್ಸಿನಲ್ಲಿ, ಶಾಲೆಯ ಗೇಟಿನಲ್ಲಿ ಹೆಂಗಸರನ್ನು ಆರಿಸಿದ ಅದೇ ಕಣ್ಣು ಈಗ ಅಷ್ಟೇ ನಯವಾಗಿ ಅವರನ್ನು ಬಿಡಿಸಿ ಹೊರಗಿಡುತ್ತಿತ್ತು.

ಚೌಕದಲ್ಲಿ ತನ್ನ ಹೆಸರು ಬರೆದಳು. ಅದರ ಕೆಳಗೆ, ಜಾಗವಿಲ್ಲದ ಕಡೆ ಅಕ್ಷರ ಸಣ್ಣ ಮಾಡಿ, ರಜೆ ಹನ್ನೊಂದು ದಿನ ಎಂದೂ, ಯಾರ್ಯಾರಿಗಾಗಿ ಎಂದೂ ಸೇರಿಸಿದಳು. ಕಾಗದದ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: ‘ಯಾರ ಪಕ್ಕ ಹೊಸಬರು ಮೂರು ಸಲ ನಿಲ್ಲುತ್ತಾರೋ ಅವರ ಜಾಗ ಹೋಗುತ್ತದೆ. ಈ ಚೌಕದ ಅರ್ಥ ಇದು.’

ಟ್ರೇ ಕೈಗೆಟುಕುವಷ್ಟು ದೂರದಲ್ಲಿತ್ತು. ಹೊರಗೆ ಕೆಲಸದವರನ್ನು ತರುವ ಏಳು ಗಂಟೆಯ ವ್ಯಾನು ನಿಂತ ಸದ್ದು, ಬಾಗಿಲು ಜಾರಿದ ಸದ್ದು, ಹೆಂಗಸರ ಮಾತು. ಗಾಜಿನಾಚೆ ಓರಗಿತ್ತಿ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

ಕಣ್ಣಕ್ಕ ಟ್ರೇಯನ್ನು ದಾಟಿ ಹೋಗಿ, ಎಲ್ಲರೂ ಕಾರ್ಡು ಉಜ್ಜುವ ಬಾಗಿಲಿನ ಪಕ್ಕದ ಹಲಗೆಗೆ, ಕಣ್ಣಿನ ಮಟ್ಟದಲ್ಲಿ, ಕಾಗದವನ್ನು ನಾಲ್ಕೂ ಮೂಲೆಗೆ ಪಿನ್ನು ಒತ್ತಿ ನಿಲ್ಲಿಸಿದಳು.